ಮೇಣ ಎಲ್ಲಿ ಕೂತಿದೆ? ಪ್ಲಾಸ್ಟಿಕ್‌ಗೆ ಮೇಣ ಬೆರೆಸಿದಾಗ ಆಗುವುದೇನು

ಈ ಮೇಜಿನ ಮೇಲೆ ಎರಡು ವಸ್ತುಗಳನ್ನು ಇಟ್ಟಿದ್ದೇನೆ. ಒಂದು, ಉರಿದು ಅರ್ಧವಾದ ಮೇಣದಬತ್ತಿ. ಇನ್ನೊಂದು, ಪಾಲಿಥೀನ್ ಹಾಳೆಯಿಂದ ಕತ್ತರಿಸಿದ ಪಟ್ಟಿ. ಮೇಣದಬತ್ತಿಯನ್ನು ಎರಡೂ ಕೈಗಳಲ್ಲಿ ಹಿಡಿದು ಬಗ್ಗಿಸುತ್ತೇನೆ. ನೋಡಿ, ತುಸು ಬಾಗುವಂತೆ ತೋರಿ ಟಕ್ಕನೆ ಎರಡಾಯಿತು. ಈಗ ಪಟ್ಟಿಯನ್ನು ಎಳೆಯುತ್ತೇನೆ. ಇದು ಮೊದಲು ಹಟ ಹಿಡಿಯುತ್ತದೆ, ಆಮೇಲೆ ಒಂದು ಕಡೆ ಸೊಂಟದಂತೆ ಸಣ್ಣದಾಗುತ್ತದೆ, ಆ ಸಣ್ಣ ಭಾಗವೇ ಎರಡೂ ಕಡೆಗೆ ಹಬ್ಬುತ್ತಾ ಹೋಗುತ್ತದೆ. ಮೂಲ ಉದ್ದದ ಎರಡು-ಮೂರು ಪಟ್ಟು ಬೆಳೆದ ಮೇಲೂ ಪಟ್ಟಿ ತುಂಡಾಗಿಲ್ಲ. ಇಷ್ಟು ಬೇರೆ ಬೇರೆಯಾಗಿ ವರ್ತಿಸುವ ಈ ಎರಡು ವಸ್ತುಗಳು ರಸಾಯನಶಾಸ್ತ್ರದ ಕಣ್ಣಿಗೆ ಒಂದೇ ಕುಲದವು. ಎರಡರಲ್ಲೂ ಇರುವುದು ಕಾರ್ಬನ್ ಮತ್ತು ಹೈಡ್ರೋಜನ್ ಮಾತ್ರ. ಎರಡೂ ಒಂದು ಕಾರ್ಬನ್‌ಗೆ ಎರಡು ಹೈಡ್ರೋಜನ್ ಅಂಟಿಕೊಂಡ ಕೊಂಡಿಗಳನ್ನು ಸಾಲಾಗಿ ಪೋಣಿಸಿದ ಸರಪಳಿಗಳು. ವ್ಯತ್ಯಾಸವಿರುವುದು ಸರಪಳಿಯ ಉದ್ದದಲ್ಲಿ. ಮೇಣದಬತ್ತಿಯ ಪ್ಯಾರಾಫಿನ್‌ನಲ್ಲಿ ಸರಪಳಿಗೆ ಸುಮಾರು 20ರಿಂದ 40 ಕಾರ್ಬನ್‌ಗಳಿದ್ದರೆ, ಪಾಲಿಥೀನ್‌ನಲ್ಲಿ ಅವು ಸಾವಿರಗಟ್ಟಲೆ ಇರುತ್ತವೆ.

1933ರಲ್ಲಿ ಇಂಗ್ಲೆಂಡಿನ ಐಸಿಐ ಕಂಪನಿಯ ಪ್ರಯೋಗಾಲಯದಲ್ಲಿ ಎರಿಕ್ ಫಾಸೆಟ್ ಮತ್ತು ರೆಜಿನಾಲ್ಡ್ ಗಿಬ್ಸನ್ ಅವರು ಎಥಿಲೀನ್ ಅನಿಲವನ್ನು ಬಹಳ ಹೆಚ್ಚಿನ ಒತ್ತಡಕ್ಕೆ ಗುರಿಪಡಿಸಿದಾಗ ಪಾತ್ರೆಯೊಳಗೆ ಅನಿರೀಕ್ಷಿತವಾಗಿ ಸಿಕ್ಕಿದ್ದು ಮೇಣದಂತಹ ಒಂದು ಬಿಳಿ ಘನ. ಪಾಲಿಥೀನ್ ಲೋಕಕ್ಕೆ ಕಂಡದ್ದೇ ಮೇಣದ ರೂಪದಲ್ಲಿ. ಇನ್ನು ಪ್ಯಾರಾಫಿನ್ ಎಂಬ ಹೆಸರಿನ ಕತೆ ಇದಕ್ಕಿಂತ ಸ್ವಾರಸ್ಯದ್ದು. 1830ರಲ್ಲಿ ಕಾರ್ಲ್ ಫಾನ್ ರೈಖೆನ್‌ಬಾಖ್ ಈ ಪದಾರ್ಥವನ್ನು ಬೇರ್ಪಡಿಸಿದಾಗ, ಅದು ಯಾವ ಆಮ್ಲದೊಂದಿಗೂ ಕ್ಷಾರದೊಂದಿಗೂ ಸುಲಭವಾಗಿ ಕೂಡದಿದ್ದುದನ್ನು ಕಂಡು, ಲ್ಯಾಟಿನ್‌ನಲ್ಲಿ ‘ನಂಟು ಕಡಿಮೆ’ ಎಂಬ ಅರ್ಥ ಬರುವ ಪದಗಳಿಂದ ಪ್ಯಾರಾಫಿನ್ ಎಂದು ಕರೆದರು. ಅಷ್ಟು ನಂಟುಗೇಡಿಯಾದ ಈ ವಸ್ತುವಿಗೆ ಒಬ್ಬ ಹತ್ತಿರದ ನಂಟ ಇದ್ದಾನೆ, ಅವನೇ ಪಾಲಿಥೀನ್. ಆದರೆ ಒಂದೇ ಮನೆತನದವರು ಒಂದೇ ಮನೆಯಲ್ಲಿ ಹೊಂದಿಕೊಂಡು ಬಾಳುತ್ತಾರೆಯೇ ಎಂಬುದು ಬೇರೆಯೇ ಪ್ರಶ್ನೆ. ಈ ಹೊತ್ತು ನಾನು ಮಾತನಾಡಲು ಹೊರಟಿರುವುದು ಅದರ ಬಗ್ಗೆಯೇ. ಪ್ಲಾಸ್ಟಿಕ್‌ಗೆ ಮೇಣವನ್ನು ಬೆರೆಸಿದಾಗ ಅದರ ಗುಣಗಳು ಹೇಗೆ ಬದಲಾಗುತ್ತವೆ ಎಂಬುದು, ಎಷ್ಟು ಮೇಣ ಹಾಕಿದಿರಿ ಎಂಬುದಕ್ಕಿಂತ ಹೆಚ್ಚಾಗಿ ಹಾಕಿದ ಮೇಣ ಒಳಗೆ ಎಲ್ಲಿ ಹೋಗಿ ಕೂತಿತು ಎಂಬುದನ್ನು ಅವಲಂಬಿಸಿದೆ.

ಮೊದಲು ಉದ್ದದ ವಿಷಯವನ್ನು ಸ್ವಲ್ಪ ಬಿಡಿಸಿ ನೋಡೋಣ. 18 ಕಾರ್ಬನ್‌ಗಳ ನೇರ ಸರಪಳಿ ಸುಮಾರು 28 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ; ಅಂಗೈಯಲ್ಲಿ ಹಿಡಿದರೆ ಸಾಕು, ನೀರಾಗುತ್ತದೆ. 20 ಕಾರ್ಬನ್‌ಗಳಿಗೆ ಸುಮಾರು 37 ಡಿಗ್ರಿ, 30ಕ್ಕೆ 66ರ ಆಸುಪಾಸು, 40ಕ್ಕೆ 81ರ ಆಸುಪಾಸು, 100 ಕಾರ್ಬನ್‌ಗಳಿಗೆ ಸುಮಾರು 115 ಡಿಗ್ರಿ. ಇಲ್ಲಿ ಗಮನಿಸಬೇಕಾದದ್ದು ಏರಿಕೆಯ ವೇಗ ತಗ್ಗುತ್ತಾ ಬರುವುದನ್ನು. 20ರಿಂದ 40ಕ್ಕೆ ಹೋದಾಗ 40 ಡಿಗ್ರಿಗೂ ಹೆಚ್ಚು ಗಳಿಸಿದ ಸರಪಳಿ, ನೂರರ ನಂತರ ಎಷ್ಟೇ ಉದ್ದವಾದರೂ ಇನ್ನು ಮೂವತ್ತು ಡಿಗ್ರಿಯಷ್ಟನ್ನು ಮಾತ್ರ ಗಳಿಸಬಲ್ಲದು. ಅನಂತ ಉದ್ದದ ಸರಪಳಿಯೂ 140 ದಾಟಿದ ಕೆಲವೇ ಡಿಗ್ರಿಗಳಲ್ಲಿ ಕರಗಿಬಿಡುತ್ತದೆ ಎಂದು ಲೆಕ್ಕಾಚಾರಗಳು ಹೇಳುತ್ತವೆ. ಅಂದರೆ ಕರಗುವ ಬಿಂದುವಿನ ಮಟ್ಟಿಗೆ ಗಟ್ಟಿ ಮೇಣಕ್ಕೂ ಪಾಲಿಥೀನ್‌ಗೂ ಅಂತರ ತೀರ ದೊಡ್ಡದಲ್ಲ. ಫ್ರಾಂಜ್ ಫಿಶರ್ ಮತ್ತು ಹಾನ್ಸ್ ಟ್ರಾಪ್ಶ್ 1920ರ ದಶಕದಲ್ಲಿ ಜರ್ಮನಿಯಲ್ಲಿ ರೂಪಿಸಿದ ವಿಧಾನದಿಂದ, ಕಲ್ಲಿದ್ದಲನ್ನು ಅನಿಲವಾಗಿಸಿ ಮತ್ತೆ ಕಟ್ಟಿದ ಗಟ್ಟಿ ಮೇಣಗಳು ನೂರು ಡಿಗ್ರಿಯ ಆಸುಪಾಸಿನಲ್ಲಿ ಕರಗುತ್ತವೆ. ಎಲ್‌ಡಿ ಎಂದು ಉದ್ಯಮದಲ್ಲಿ ಕರೆಯುವ ಕಡಿಮೆ ಸಾಂದ್ರತೆಯ ಪಾಲಿಥೀನ್ ಕರಗುವುದು 105ರಿಂದ 115 ಡಿಗ್ರಿಯಲ್ಲಿ. ಇಷ್ಟು ಹತ್ತಿರದವುಗಳನ್ನು ಬೆರೆಸುವ ಯೋಚನೆ ಯಾರಿಗಾದರೂ ಬಂದೇ ಬರುತ್ತದೆ. ಕಲ್ಲಿದ್ದಲಿನಿಂದ ಮೇಣ ತಯಾರಿಸುವ ಉದ್ಯಮ ದೊಡ್ಡದಾಗಿ ಬೆಳೆದ ದಕ್ಷಿಣ ಆಫ್ರಿಕಾದ ವಿಶ್ವವಿದ್ಯಾಲಯಗಳಿಂದ ಈ ಮಿಶ್ರಣಗಳ ಕುರಿತ ಸಂಶೋಧನೆ ಬಹಳಷ್ಟು ಬಂದಿರುವುದು ಆಶ್ಚರ್ಯದ ಸಂಗತಿಯಲ್ಲ.

ಹಾಗಾದರೆ ಕರಗುವ ಬಿಂದುಗಳು ಹತ್ತಿರವಿದ್ದೂ ಮೇಣ ಮುರಿಯುತ್ತದೆ, ಪಾಲಿಥೀನ್ ಹಿಗ್ಗುತ್ತದೆ, ಏಕೆ? ನೂಲಿನ ಉಂಡೆಯೊಂದು ಸಿಕ್ಕುಸಿಕ್ಕಾಗಿದೆ ಎಂದುಕೊಳ್ಳಿ. ಎರಡು ಕಡೆಯಿಂದ ಎಳೆದರೆ ಗಂಟುಗಳು ಬಿಗಿಯಾಗುತ್ತವೆ, ಉಂಡೆ ಹಿಗ್ಗುತ್ತದೆ, ಆದರೆ ಬೇರ್ಪಡುವುದಿಲ್ಲ. ಅದೇ ನೂಲನ್ನು ಬೆರಳಿನ ಅಗಲದ ತುಂಡುಗಳಾಗಿ ಕತ್ತರಿಸಿ ಗುಡ್ಡೆ ಹಾಕಿ ಎಳೆದರೆ ಕೈಗೆ ಬರುವುದು ತುಂಡುಗಳು ಮಾತ್ರ. ಸರಪಳಿ ಇನ್ನೊಂದರೊಂದಿಗೆ ಸಿಕ್ಕಿಹಾಕಿಕೊಳ್ಳಬೇಕಾದರೆ ಅದಕ್ಕೆ ಒಂದು ಕನಿಷ್ಠ ಉದ್ದ ಬೇಕು. ಪಾಲಿಥೀನ್ ಕುಲದಲ್ಲಿ ಎರಡು ಸಿಕ್ಕುಗಳ ನಡುವಿನ ಸರಪಳಿಯ ಅಣುತೂಕವೇ ಸುಮಾರು ಸಾವಿರದಷ್ಟಿದೆ. ಸಾಮಾನ್ಯ ಪ್ಯಾರಾಫಿನ್‌ನ ಅಣುತೂಕ 300ರಿಂದ 500. ಅದಕ್ಕೆ ಒಂದು ಸಿಕ್ಕು ಹಾಕುವಷ್ಟೂ ಉದ್ದವಿಲ್ಲ.

ಇದರ ಜೊತೆಗೆ ಘನರೂಪದ ಪಾಲಿಥೀನ್‌ನ ಒಳರಚನೆಯನ್ನೂ ಕಣ್ಣಮುಂದೆ ತಂದುಕೊಳ್ಳಬೇಕು. ಸರಪಳಿಗಳು ಹಿಂದಕ್ಕೆ ಮುಂದಕ್ಕೆ ಮಡಚಿಕೊಂಡು ತೆಳುವಾದ ಸ್ಫಟಿಕದ ಹಾಳೆಗಳಾಗುತ್ತವೆ. ಗಟ್ಟಿ ಪಾಲಿಥೀನ್‌ನಲ್ಲಿ, ಅಂದರೆ ಎಚ್‌ಡಿಯಲ್ಲಿ, ಈ ಹಾಳೆಯ ದಪ್ಪ ಹತ್ತಿಪ್ಪತ್ತು ನ್ಯಾನೋಮೀಟರ್ ಇರುತ್ತದೆ. ಹಾಳೆ ಹಾಳೆಗಳ ನಡುವೆ ಕ್ರಮಗೆಟ್ಟ, ಮೆತ್ತನೆಯ ಪದರವಿದೆ. ಒಂದು ಹಾಳೆಯಿಂದ ಹೊರಟು ಮೆತ್ತನೆಯ ಪದರವನ್ನು ದಾಟಿ ಮುಂದಿನ ಹಾಳೆಗೆ ಸೇರಿಕೊಳ್ಳುವ ಸರಪಳಿಗಳೂ ಇವೆ. ಅವನ್ನು ಸೇತುಸರಪಳಿಗಳು ಎನ್ನೋಣ. ಪಟ್ಟಿಯನ್ನು ಎಳೆದಾಗ ಅದು ಬಿಡಿಬಿಡಿಯಾಗದಂತೆ ಹಿಡಿದಿಟ್ಟವು ಈ ಸೇತುಗಳು ಮತ್ತು ನಡುವಿನ ಸಿಕ್ಕುಗಳು. ಒಂದು ಸಣ್ಣ ಲೆಕ್ಕ ಮಾಡೋಣ. ಒಂದು ಲಕ್ಷ ಅಣುತೂಕದ ಪಾಲಿಥೀನ್ ಸರಪಳಿಯಲ್ಲಿ ಸುಮಾರು ಏಳು ಸಾವಿರ ಕಾರ್ಬನ್‌ಗಳಿರುತ್ತವೆ. ಪ್ರತಿ ಕಾರ್ಬನ್‌ಗೆ 0.127 ನ್ಯಾನೋಮೀಟರ್‌ನಂತೆ ಅದನ್ನು ನೇರಮಾಡಿ ಚಾಚಿದರೆ ಸುಮಾರು 900 ನ್ಯಾನೋಮೀಟರ್. ಹಲವು ಹಾಳೆಗಳನ್ನು ಹೊಲಿಯಲು ಇದು ಧಾರಾಳವಾಯಿತು. 30 ಕಾರ್ಬನ್‌ಗಳ ಮೇಣವನ್ನು ಚಾಚಿದರೆ ಸಿಗುವುದು 4 ನ್ಯಾನೋಮೀಟರ್‌ಗೂ ಕಡಿಮೆ. ಅದು ಯಾವ ಎರಡು ಹಾಳೆಗಳನ್ನೂ ಹೊಲಿಯಲಾರದು.

ಈಗ ಕುತೂಹಲದ ಜಾಗಕ್ಕೆ ಬಂದೆವು. 80 ಕಾರ್ಬನ್‌ಗಳ ಗಟ್ಟಿ ಮೇಣದ ಸರಪಳಿ ಚಾಚಿದಾಗ ಎಷ್ಟಾಗುತ್ತದೆ? ಹತ್ತು ನ್ಯಾನೋಮೀಟರ್. ಪಾಲಿಥೀನ್‌ನ ಸ್ಫಟಿಕದ ಹಾಳೆಯ ದಪ್ಪವೂ ಇದೇ ಅಳತೆಯ ಹತ್ತಿರದ್ದು. ಆದ್ದರಿಂದ ಗಟ್ಟಿ ಮೇಣದ ಸರಪಳಿ, ಪಾಲಿಥೀನ್‌ನ ಮಡಿಕೆಗಳ ಪಕ್ಕದಲ್ಲಿ ತಾನೂ ಒಂದು ಮಡಿಕೆಯೇ ಎಂಬಂತೆ ನಿಂತುಬಿಡಬಲ್ಲದು. ಇದನ್ನು ಸಹಸ್ಫಟಿಕೀಕರಣ ಎನ್ನುತ್ತಾರೆ. ಮೆತ್ತನೆಯ ಪ್ಯಾರಾಫಿನ್ ಗಿಡ್ಡ. ಪಾಲಿಥೀನ್‌ನ ಸ್ಫಟಿಕಗಳು ಕಟ್ಟಿಕೊಳ್ಳುವ ತಾಪದಲ್ಲಿ ಅದು ಇನ್ನೂ ಪೂರ್ತಿ ದ್ರವವಾಗಿರುವುದರಿಂದ ಸ್ಫಟಿಕದಿಂದ ಹೊರಗೆ ತಳ್ಳಲ್ಪಡುತ್ತದೆ. ಹೊರಗೆ ಬಿದ್ದದ್ದು ಮೆತ್ತನೆಯ ಪದರದಲ್ಲಿ ಕರಗಿ ಉಳಿಯಬಹುದು; ಅಲ್ಲಿಯೂ ಜಾಗ ಸಾಲದಿದ್ದರೆ ಪ್ರತ್ಯೇಕ ಹನಿಗಳಾಗಿ ಕೂಡಿಕೊಂಡು, ತಂಪಾದ ಮೇಲೆ ತನ್ನದೇ ಮೇಣದ ಸ್ಫಟಿಕಗಳನ್ನು ಕಟ್ಟಿಕೊಳ್ಳಬಹುದು. ಮೇಣಕ್ಕೆ ಹೀಗೆ ಮೂರು ವಿಳಾಸಗಳು: ಸ್ಫಟಿಕದ ಒಳಗೆ, ಸ್ಫಟಿಕಗಳ ನಡುವೆ, ಅಥವಾ ಬೇರೆ ಮನೆ. ಒಂದೇ ಮಾದರಿಯಲ್ಲಿ ಮೂರೂ ಕಡೆ ಹಂಚಿಹೋಗಿರುವುದೂ ಸಾಮಾನ್ಯ.

ಇದನ್ನು ಪತ್ತೆ ಹಚ್ಚುವುದು ಹೇಗೆ ಎಂದು ನೀವು ಕೇಳಬಹುದು. ಡಿಎಸ್‌ಸಿ ಎಂಬ ಉಪಕರಣ ಇಲ್ಲಿ ನಮ್ಮ ಮುಖ್ಯ ಸಾಕ್ಷಿ. ಐದರಿಂದ ಹತ್ತು ಮಿಲಿಗ್ರಾಂ ಮಾದರಿಯನ್ನು ಅಲ್ಯೂಮಿನಿಯಂನ ಪುಟ್ಟ ತಟ್ಟೆಯಲ್ಲಿಟ್ಟು, ನಿಮಿಷಕ್ಕೆ ಹತ್ತು ಡಿಗ್ರಿಯಂತೆ ಕಾಯಿಸುತ್ತಾ, ಖಾಲಿ ತಟ್ಟೆಗೆ ಹೋಲಿಸಿದರೆ ಇದು ಎಷ್ಟು ಹೆಚ್ಚು ಶಾಖ ಕುಡಿಯುತ್ತದೆ ಎಂದು ಉಪಕರಣ ಬರೆದುಕೊಳ್ಳುತ್ತದೆ. ಕರಗುವ ಪ್ರತಿ ಘಟನೆಯೂ ಗ್ರಾಫಿನಲ್ಲಿ ಒಂದು ಗುಡ್ಡವಾಗಿ ಕಾಣುತ್ತದೆ. ಶುದ್ಧ ಪ್ಯಾರಾಫಿನ್ ಹಲವು ವೇಳೆ ಎರಡು ಗುಡ್ಡಗಳನ್ನು ತೋರಿಸುತ್ತದೆ. ಕರಗುವ ಮೊದಲು ಅದರ ಸರಪಳಿಗಳು ಘನರೂಪದಲ್ಲಿದ್ದೇ ತಮ್ಮ ಅಕ್ಷದ ಸುತ್ತ ತಿರುಗಾಡಲು ಶುರುಮಾಡುವ ಒಂದು ಹಂತವಿರುವುದೇ ಇದಕ್ಕೆ ಕಾರಣ. ನಾನು ಕಲಿಯುತ್ತಿದ್ದಾಗ ಮೊದಲ ಬಾರಿ ಈ ಎರಡನೇ ಗುಡ್ಡವನ್ನು ಕಂಡು, ಮಾದರಿಯಲ್ಲಿ ಏನೋ ಕಲಬೆರಕೆಯಾಗಿದೆ ಎಂದು ಮೂರು ಸಲ ತಟ್ಟೆ ಬದಲಿಸಿ ಅಳತೆ ಮಾಡಿದ್ದೆ. ಮೂರು ಸಲವೂ ಗುಡ್ಡ ಅಲ್ಲೇ ಇತ್ತು.

ಮಿಶ್ರಣದ ಗ್ರಾಫಿನಲ್ಲಿ ಪ್ಯಾರಾಫಿನ್‌ನ ಗುಡ್ಡ 50–60 ಡಿಗ್ರಿಯಲ್ಲಿ ತನ್ನ ಹಳೆಯ ಜಾಗದಲ್ಲೇ ಉಳಿದಿದ್ದರೆ ಮೇಣ ಬೇರೆ ಮನೆ ಮಾಡಿದೆ ಎಂದರ್ಥ. ಆ ಗುಡ್ಡ ಮಾಯವಾಗಿ, ಪಾಲಿಥೀನ್‌ನ ಗುಡ್ಡ ಕೆಲವು ಡಿಗ್ರಿ ಕೆಳಗೆ ಸರಿದು ಅಗಲವಾಗಿದ್ದರೆ ಮೇಣ ಸ್ಫಟಿಕದೊಳಗೆ ಸೇರಿದೆ ಎಂಬ ಅನುಮಾನ ಬಲವಾಗುತ್ತದೆ. ಎಲ್‌ಎಲ್‌ಡಿ ಎಂಬ, ಚಿಕ್ಕ ಚಿಕ್ಕ ಕವಲುಗಳಿರುವ ನೇರ ಪಾಲಿಥೀನ್‌ಗೆ ಗಟ್ಟಿ ಮೇಣವನ್ನು ಮಿತವಾಗಿ ಬೆರೆಸಿದಾಗ ಇಂತಹ ಒಂಟಿ ಗುಡ್ಡ ಸಿಗುತ್ತದೆ. ಪ್ರಮಾಣ ಹೆಚ್ಚಿಸುತ್ತಾ ಹೋದಂತೆ ಪಕ್ಕದಲ್ಲಿ ಹೊಸ ಗುಡ್ಡಗಳು ತಲೆಯೆತ್ತುತ್ತವೆ. ಉದ್ದ ಕವಲುಗಳ ಎಲ್‌ಡಿಯಲ್ಲಿ ಮೇಣ ಬೇಗನೆ ಪ್ರತ್ಯೇಕವಾಗುತ್ತದೆ. ಪಾಲಿಥೀನ್‌ನ ಸೋದರ ಪ್ಲಾಸ್ಟಿಕ್ ಆದ ಪಾಲಿಪ್ರೊಪಿಲೀನ್‌ನಲ್ಲಂತೂ ಸರಪಳಿ ಸುರುಳಿಯಾಗಿ ಸುತ್ತಿಕೊಂಡು ಸ್ಫಟಿಕವಾಗುವುದರಿಂದ ನೇರ ಸರಪಳಿಯ ಮೇಣಕ್ಕೆ ಆ ಸ್ಫಟಿಕದಲ್ಲಿ ಪ್ರವೇಶವೇ ಇಲ್ಲ. ಅದರ 160–165 ಡಿಗ್ರಿಯ ಗುಡ್ಡವೂ ಮೇಣದ ಗುಡ್ಡವೂ ದೂರದೂರವೇ ನಿಲ್ಲುತ್ತವೆ.

ಇಲ್ಲಿ ಒಂದು ಎಚ್ಚರಿಕೆಯ ಮಾತು ಹೇಳಲೇಬೇಕು. ಮಿಶ್ರಣದಲ್ಲಿ ಮೇಣದ ವಿಳಾಸ ಅದರ ಜಾತಕದಲ್ಲಿ ಬರೆದಿಟ್ಟದ್ದಲ್ಲ, ತಂಪು ಮಾಡಿದ ರೀತಿಯನ್ನೂ ಅವಲಂಬಿಸಿರುತ್ತದೆ. ಕರಗಿದ ಮಿಶ್ರಣವನ್ನು ಮಂಜುಗಡ್ಡೆಯ ನೀರಿಗೆ ಹಾಕಿ ದಿಢೀರನೆ ತಣಿಸಿದರೆ ಉದ್ದ ಸರಪಳಿ, ಗಿಡ್ಡ ಸರಪಳಿ ಎಂದು ಆರಿಸಿಕೊಳ್ಳುವ ವ್ಯವಧಾನವಿಲ್ಲದೆ ಎಲ್ಲವೂ ಇದ್ದಲ್ಲೇ ಒಟ್ಟಿಗೆ ಸ್ಫಟಿಕವಾಗುತ್ತವೆ. ಅದೇ ಮಿಶ್ರಣವನ್ನು ನಿಧಾನವಾಗಿ ತಣಿಸಿದರೆ ಉದ್ದದವು ಮೊದಲು ಸೇರಿಕೊಂಡು ಗಿಡ್ಡವನ್ನು ಹೊರಗಿಡುತ್ತವೆ. ಪ್ರಯೋಗಾಲಯದಲ್ಲಿ ಒತ್ತಿ ನಿಧಾನಕ್ಕೆ ತಣಿಸಿದ ಹಾಳೆಯ ಫಲಿತಾಂಶವನ್ನು, ಕಾರ್ಖಾನೆಯಲ್ಲಿ ಕ್ಷಣಾರ್ಧದಲ್ಲಿ ತಣಿಯುವ ತೆಳು ಫಿಲ್ಮಿಗೆ ಹಾಗೆಯೇ ಅನ್ವಯಿಸುವವರನ್ನು ನಾನು ನಂಬುವುದಿಲ್ಲ.

ಉಷ್ಣದ ಮಾತು ಬಂದಾಗ ಕರಗುವುದರ ಜೊತೆಗೆ ಆವಿಯಾಗುವುದನ್ನೂ ನೋಡಬೇಕು. ಮಾದರಿಯನ್ನು ಕಾಯಿಸುತ್ತಾ ಅದರ ತೂಕವನ್ನು ಅಳೆಯುವ ಪರೀಕ್ಷೆಯಲ್ಲಿ, ಗಾಳಿಯ ಸಂಪರ್ಕವಿಲ್ಲದಿದ್ದರೆ, ಶುದ್ಧ ಪಾಲಿಥೀನ್ ಸುಮಾರು 400 ಡಿಗ್ರಿಯವರೆಗೆ ಹೆಚ್ಚೇನೂ ಕಳೆದುಕೊಳ್ಳುವುದಿಲ್ಲ. ಸಾಮಾನ್ಯ ಪ್ಯಾರಾಫಿನ್ 200 ದಾಟುತ್ತಿದ್ದಂತೆಯೇ ಹಗುರಾಗತೊಡಗುತ್ತದೆ. ಮಿಶ್ರಣ ಇದನ್ನು ಎರಡು ಮೆಟ್ಟಿಲುಗಳಲ್ಲಿ ತೋರಿಸುತ್ತದೆ: ಮೊದಲು ಮೇಣ ಹೊರಟುಹೋಗುತ್ತದೆ, ಬಹಳ ಮೇಲಿನ ತಾಪದಲ್ಲಿ ಪಾಲಿಥೀನ್ ಒಡೆಯುತ್ತದೆ. ಕಾಗದದ ಮೇಲೆ ಇದು ಅಂದವಾದ ಗ್ರಾಫು. ಕೆಲಸದ ಜಾಗದಲ್ಲಿ ಇದರ ಅರ್ಥವೇ ಬೇರೆ. ಒಮ್ಮೆ ಪಾಲಿಪ್ರೊಪಿಲೀನ್‌ಗೆ ಮೆತ್ತನೆಯ ಪ್ಯಾರಾಫಿನ್ ಸೇರಿಸಿ 210 ಡಿಗ್ರಿಯಲ್ಲಿ, ಪ್ಲಾಸ್ಟಿಕ್ ಕರಗಿಸಿ ಹೊರದಬ್ಬುವ ಎಕ್ಸ್‌ಟ್ರೂಡರ್ ಯಂತ್ರಕ್ಕೆ ಹಾಕಿದ್ದೆವು. ಅದರ ತುದಿಯ ಅಚ್ಚಾದ ಡೈಯ ಬಾಯಿಂದ ಬಂದ ಎಳೆ ಮೊದಲ ಕೆಲವು ನಿಮಿಷ ನುಣ್ಣಗೆ ಹೊಳೆಯುತ್ತಿತ್ತು. ಆಮೇಲೆ ಮೇಣದಬತ್ತಿ ಆರಿಸಿದಾಗ ಬರುವ ವಾಸನೆ ಕೋಣೆಯನ್ನೆಲ್ಲ ತುಂಬಿತು, ಎಳೆಯ ಮೈಮೇಲೆ ಸೂಜಿಮೊನೆಯಷ್ಟು ಗುಳ್ಳೆಗಳೆದ್ದವು, ಡೈಯ ತುಟಿಯಲ್ಲಿ ಹಳದಿ ಜಿಡ್ಡು ಕಟ್ಟತೊಡಗಿತು. ನಾವು ಹಾಕಿದ ಮೇಣದ ಹಗುರ ಭಾಗ ಹೊಗೆಯಾಗಿ ಛಾವಣಿಗೆ ಏರುತ್ತಿತ್ತು. ತೂಕ ಮಾಡಿ ಹಾಕಿದ ಶೇಕಡಾವಾರು ಲೆಕ್ಕ ಕೊನೆಗೆ ಎಳೆಯಲ್ಲಿ ಉಳಿದದ್ದರ ಲೆಕ್ಕವಲ್ಲ ಎಂಬುದನ್ನು ಅಂದು ಕಲಿತೆ.

ಹಾಗಿದ್ದೂ ಜನ ಮೇಣವನ್ನು ಬೆರೆಸುವುದು ಏಕೆ ಎಂದರೆ ಮೊದಲ ಉತ್ತರ, ಹರಿವು. ಕರಗಿದ ಪ್ಲಾಸ್ಟಿಕ್ ಜೇನಿಗಿಂತ ಬಹಳ ಬಹಳ ಮಂದ. ಅದನ್ನು ತಳ್ಳಲು ಮೋಟಾರು ಏದುಸಿರು ಬಿಡುತ್ತದೆ. ಸಿಕ್ಕುಹಾಕಿಕೊಂಡ ಸರಪಳಿಗಳ ಸ್ನಿಗ್ಧತೆ, ಅಂದರೆ ಹರಿವಿಗೆ ಒಡ್ಡುವ ಪ್ರತಿರೋಧ, ಅಣುತೂಕದ ಸುಮಾರು 3.4ನೇ ಘಾತದಂತೆ ಏರುತ್ತದೆ. ಒಂದು ಲಕ್ಷ ಅಣುತೂಕದ ಪಾಲಿಥೀನ್‌ಗೆ ತೂಕದಲ್ಲಿ ನೂರಕ್ಕೆ ಹತ್ತರಷ್ಟು, 400 ಅಣುತೂಕದ ಮೇಣ ಬೆರೆಸಿದರೆ ತೂಕದ ಸರಾಸರಿ 90 ಸಾವಿರಕ್ಕೆ ಇಳಿಯುತ್ತದೆ, 0.9ರ 3.4ನೇ ಘಾತ ಸುಮಾರು 0.7. ಅಂದರೆ ಈ ಒರಟು ಲೆಕ್ಕದಲ್ಲೇ ಸ್ನಿಗ್ಧತೆ ನೂರಕ್ಕೆ ಮೂವತ್ತರಷ್ಟು ಇಳಿಯಿತು. ಗಿಡ್ಡ ಸರಪಳಿಗಳ ತುದಿಗಳು ಸುತ್ತಮುತ್ತ ಓಡಾಡಲು ಜಾಗ ಮಾಡಿಕೊಡುವುದರಿಂದ ನಿಜವಾದ ಇಳಿಕೆ ಇನ್ನೂ ಹೆಚ್ಚಿರಬಹುದು. ಯಂತ್ರದ ಹೊರೆ ತಗ್ಗುತ್ತದೆ, ಅಚ್ಚಿನ ಮೂಲೆಮೂಲೆಗೂ ಪ್ಲಾಸ್ಟಿಕ್ ತಲುಪುತ್ತದೆ, ಬಣ್ಣದ ಪುಡಿ ಮುದ್ದೆಗಟ್ಟದೆ ಹರಡುತ್ತದೆ. ಬಣ್ಣದ ಮಾಸ್ಟರ್‌ಬ್ಯಾಚ್ (ಪ್ಲಾಸ್ಟಿಕ್‌ಗೆ ಬೆರೆಸಲು ಮಾಡಿಟ್ಟ ದಟ್ಟ ಬಣ್ಣದ ಕಾಳು) ತಯಾರಿಸುವವರು ಗಿಡ್ಡ ಸರಪಳಿಯ ಪಾಲಿಥೀನ್ ಮೇಣವನ್ನು ಇಷ್ಟಪಡುವುದು ಇದಕ್ಕಾಗಿ: ಕರಗಿದ ಮೇಣ ಪುಡಿಯ ಕಣಗಳ ನಡುವಿನ ಸಂದಿಗಳಿಗೆ ಇಳಿದು, ಒಂದೊಂದು ಕಣವನ್ನೂ ಒದ್ದೆಮಾಡಿ ಬಿಡಿಸುತ್ತದೆ.

ಇದೇ ಮಿಶ್ರಣವನ್ನು ಇನ್ನೊಂದು ರೀತಿಯಲ್ಲಿ ಎಣಿಸಿ ನೋಡಿ. ತೂಕದ ಬದಲು ತಲೆ ಎಣಿಸೋಣ. ಪಾಲಿಥೀನ್‌ನಲ್ಲಿ ಉದ್ದ ಗಿಡ್ಡ ಎಲ್ಲ ಸರಪಳಿಗಳೂ ಇರುವುದರಿಂದ ತಲೆಯೆಣಿಕೆಯ ಸರಾಸರಿ ಅಣುತೂಕ 20 ಸಾವಿರ ಎಂದುಕೊಳ್ಳಿ. ನೂರು ಗ್ರಾಂ ಮಿಶ್ರಣದಲ್ಲಿ 90 ಗ್ರಾಂ ಪಾಲಿಥೀನ್‌ನ ಪಾಲಿಗೆ 0.0045 ಮೋಲ್ ಅಣುಗಳು ಬಂದರೆ, 10 ಗ್ರಾಂ ಮೇಣದ ಪಾಲಿಗೆ 0.025 ಮೋಲ್ ಬರುತ್ತವೆ. ಅಂದರೆ ತೂಕದಲ್ಲಿ ಹತ್ತನೇ ಒಂದು ಪಾಲಾದ ಮೇಣ, ಅಣುಗಳ ಸಂಖ್ಯೆಯಲ್ಲಿ ನೂರಕ್ಕೆ 85ರಷ್ಟಿದೆ! ‘ಬರೀ ಹತ್ತು ಪರ್ಸೆಂಟ್ ಹಾಕಿದ್ದೇವೆ’ ಎನ್ನುವವರು ಈ ಲೆಕ್ಕವನ್ನು ಒಮ್ಮೆ ಮಾಡಿ ನೋಡಬೇಕು.

ಈ ತಲೆಯೆಣಿಕೆಯ ಬೆಲೆ ಗೊತ್ತಾಗುವುದು ಎಳೆಯುವ ಯಂತ್ರದಲ್ಲಿ. ಶುದ್ಧ ಎಲ್‌ಡಿಯ ಪಟ್ಟಿಯನ್ನು ಹಿಡಿಕೆಗಳ ನಡುವೆ ಸಿಕ್ಕಿಸಿ ಎಳೆದರೆ ಅದು ತನ್ನ ಉದ್ದದ ಹಲವು ಪಟ್ಟು ಹಿಗ್ಗುತ್ತದೆ. ಕಾಯುತ್ತಾ ನಿಂತವನು ಬೇಸರಗೊಂಡು ಕುರ್ಚಿ ಹುಡುಕುವಷ್ಟು ಹೊತ್ತು ಹಿಡಿಯುತ್ತದೆ. ಗಟ್ಟಿ ಮೇಣವನ್ನು ನೂರಕ್ಕೆ ಐದು ಹಾಕಿದ ಪಟ್ಟಿ ಹೆಚ್ಚುಕಡಿಮೆ ಹಾಗೆಯೇ ನಡೆದುಕೊಂಡೀತು. ಇಪ್ಪತ್ತು ಮೂವತ್ತಕ್ಕೆ ಏರಿಸಿದಾಗ ಪಟ್ಟಿಯ ಎಳೆದ ಭಾಗ ಬೆಳ್ಳಗಾಗುತ್ತದೆ, ಒಳಗೆ ಕಣ್ಣಿಗೆ ಕಾಣದ ಬಿರುಕುಗಳು ಬಾಯಿಬಿಟ್ಟ ಗುರುತು ಅದು. ಸೊಂಟ ಮೂಡುವ ಮೊದಲೇ, ಅಥವಾ ಮೂಡಿದ ಕೂಡಲೇ ಪಟ್ಟಿ ತುಂಡಾಗುತ್ತದೆ. ಸೇತುಸರಪಳಿಗಳಾಗಬೇಕಾದ ಜಾಗದಲ್ಲಿ ಸೇತುವಾಗಲಾರದ ತುಂಡುಗಳು ತುಂಬಿಕೊಂಡಿವೆ. ಪ್ರತ್ಯೇಕ ಮನೆ ಮಾಡಿದ ಮೇಣದ ಸ್ಫಟಿಕಗಳಂತೂ ಬಿರುಕು ಹುಟ್ಟಲು ಹೇಳಿ ಮಾಡಿಸಿದ ಜಾಗಗಳು. ತುಂಡಾಗುವ ಹೊತ್ತಿಗೆ ಆದ ಹಿಗ್ಗುವಿಕೆ ಮತ್ತು ತುಂಡಾಗುವಾಗಿನ ಬಲ, ಮೇಣ ಹೆಚ್ಚಾದಂತೆ ಕುಸಿಯುವ ಗುಣಗಳಲ್ಲಿ ಇವೆರಡೇ ಮುಂಚೂಣಿಯಲ್ಲಿವೆ. ಪೆಟ್ಟು ತಡೆಯುವ ಶಕ್ತಿಯೂ ಇವುಗಳ ಹಿಂದೆಯೇ ಹೋಗುತ್ತದೆ.

ಆದರೆ ಎಲ್ಲವೂ ಕುಸಿಯುತ್ತದೆ ಎಂದುಕೊಳ್ಳಬೇಡಿ. ಯಂಗ್ ಗುಣಾಂಕ, ಅಂದರೆ ವಸ್ತುವಿನ ಬಿಗಿತ, ಕೆಲವು ಮಿಶ್ರಣಗಳಲ್ಲಿ ಏರುತ್ತದೆ. ಮೇಣ ಬೆರೆತರೆ ಮೆತ್ತಗಾಗಬೇಕು ಎಂದು ನಿರೀಕ್ಷಿಸುವವರಿಗೆ ಇದು ತಲೆಕೆಳಗಾಗಿ ಕಾಣುತ್ತದೆ. ಎಲ್‌ಡಿಯಲ್ಲಿ ಸ್ಫಟಿಕದ ಪಾಲು ಸಾಮಾನ್ಯವಾಗಿ ಅರ್ಧಕ್ಕಿಂತ ಕಡಿಮೆ. ಗಟ್ಟಿ ಮೇಣವಾದರೋ ಬಹುಪಾಲು ಸ್ಫಟಿಕವೇ. ಸ್ಫಟಿಕ ಕಡಿಮೆಯಿರುವುದಕ್ಕೆ ಸ್ಫಟಿಕ ಹೆಚ್ಚಿರುವುದನ್ನು ಸೇರಿಸಿದಾಗ ಒಟ್ಟು ಬಿಗಿತ ಏರುವುದು ಸಹಜ. ಹೀಗೆ ಒಂದೇ ಪಟ್ಟಿ ಹೆಚ್ಚು ಬಿಗಿಯೂ ಹೌದು, ಹೆಚ್ಚು ಪೆಡಸೂ ಹೌದು. ಪಾಲಿಪ್ರೊಪಿಲೀನ್‌ಗೆ ಮೆತ್ತನೆಯ ಮೇಣ ಹಾಕಿದರೆ ಕತೆ ಉಲ್ಟಾ: ಮೇಣ ಅಲ್ಲಿ ಸ್ಫಟಿಕಗಳ ನಡುವಿನ ಪದರಕ್ಕೆ ಸೇರಿ ಅದನ್ನು ಸಡಿಲಿಸುತ್ತದೆ, ಬಿಗಿತ ಇಳಿಯುತ್ತದೆ. ಮೇಣ ಬಿಗಿತವನ್ನು ಹೆಚ್ಚಿಸುತ್ತದೆಯೋ ತಗ್ಗಿಸುತ್ತದೆಯೋ ಎಂದು ಬರಿದೇ ಕೇಳಿದರೆ ಅದಕ್ಕೆ ಉತ್ತರವಿಲ್ಲ. ಎಲ್ಲಿ ಕೂತಿದೆ ಎಂದು ಮೊದಲು ಕೇಳಬೇಕು.

ಎರಡನೆಯದಾಗಿ, ಯಾವ ತಾಪದಲ್ಲಿ ಎಂದು ಕೇಳಬೇಕು. 25 ಡಿಗ್ರಿಯಲ್ಲಿ ಬಿಗಿಯಾಗಿ ಕಂಡ ಪ್ಯಾರಾಫಿನ್ ಮಿಶ್ರಣವನ್ನು 65 ಡಿಗ್ರಿಗೆ ಕಾಯಿಸಿ ಅಳೆದರೆ ಬಿಗಿತಕ್ಕೆ ಕಾರಣವಾಗಿದ್ದ ಮೇಣವೇ ಈಗ ದ್ರವವಾಗಿ, ಜಾರಿಸುವ ಎಣ್ಣೆಯ ಕೆಲಸ ಮಾಡುತ್ತಿರುತ್ತದೆ. ಶುದ್ಧ ಪಾಲಿಥೀನ್ ಕೂಡ ಬಿಸಿಗೆ ಮೆತ್ತಗಾಗುತ್ತದೆ, ಆದರೆ ಕ್ರಮೇಣ. ಮೇಣ ಬೇರೆ ಮನೆ ಮಾಡಿದ ಮಿಶ್ರಣ ಒಂದು ಕಿರಿದಾದ ತಾಪದ ಅಂತರದಲ್ಲಿ ಮೆಟ್ಟಿಲಿಳಿದಂತೆ ಇಳಿಯುತ್ತದೆ. ಕೋಣೆಯ ತಾಪದಲ್ಲಿ ಮಾತ್ರ ಪರೀಕ್ಷಿಸಿ ಬರೆದ ವರದಿ, ಬಿಸಿಲಲ್ಲಿ ನಿಲ್ಲಬೇಕಾದ ಡಬ್ಬಿಯ ಬಗ್ಗೆ ಏನನ್ನೂ ಹೇಳಿದಂತಾಗುವುದಿಲ್ಲ.

ಸಿಕ್ಕುಗಳೇ ಇಲ್ಲದ ಮೇಣ ಒಳಗೇ ಕಟ್ಟುಬಿದ್ದು ಇರಬೇಕೆಂಬ ನಿಯಮವೂ ಇಲ್ಲ. ಅದು ನಿಧಾನವಾಗಿ ಮೇಲ್ಮೈಗೆ ನಡೆದು ಬರುತ್ತದೆ. ಕೆಲವು ವಾರ ಇಟ್ಟ ಹಾಳೆಯನ್ನು ಉಗುರಿನಿಂದ ಗೀರಿದರೆ ಬಿಳಿ ಹುಡಿ ಬರುವುದು, ಮುದ್ರಿಸಿದ ಶಾಯಿ ಅಂಟದೆ ಎದ್ದುಬರುವುದು, ಬಿಸಿಯಿಂದ ಮುಚ್ಚಿದ ಚೀಲದ ಅಂಚು ಬಿಟ್ಟುಕೊಳ್ಳುವುದು, ಇವೆಲ್ಲ ಈ ನಡಿಗೆಯ ಪರಿಣಾಮಗಳು. ಫಿಲ್ಮ್ ಮಾಡುವವನಿಗೆ ಇದು ಶಾಪ. ಟೈರ್ ಮಾಡುವವನಿಗೆ ಇದೇ ವರ. ಟೈರಿನ ರಬ್ಬರಿಗೆ ಮೇಣ ಹಾಕುವುದೇ ಅದು ಹೊರಗೆ ಬರಲಿ ಎಂದು. ಮೈಮೇಲೆ ತೆಳುವಾದ ಪೊರೆಯಾಗಿ ನಿಂತು, ಗಾಳಿಯಲ್ಲಿನ ಓಜೋನ್ ರಬ್ಬರಿನ ಸರಪಳಿಗಳನ್ನು ಕತ್ತರಿಸದಂತೆ ಅದು ಕಾಯುತ್ತದೆ. ಪಿವಿಸಿ ಪೈಪು ಮಾಡುವಲ್ಲಿಯೂ ಸ್ವಲ್ಪ ಇಂತಹದೇ. ಕ್ಲೋರಿನ್ ಇರುವ ಪಿವಿಸಿಗೂ ಪ್ಯಾರಾಫಿನ್‌ಗೂ ನಂಟಿಲ್ಲ. ಆದ್ದರಿಂದಲೇ ಮೇಣ ಕರಗಿದ ಪಿವಿಸಿಯಿಂದ ಹೊರಬಂದು ಬಿಸಿ ಲೋಹದ ಗೋಡೆಗೂ ಪ್ಲಾಸ್ಟಿಕ್‌ಗೂ ನಡುವೆ ಜಾರುವ ಪದರವಾಗುತ್ತದೆ. ಮೇಣಕ್ಕೇ ಕ್ಲೋರಿನ್ ಕೂಡಿಸಿದರೆ ನಂಟು ಹುಟ್ಟುತ್ತದೆ. ಕ್ಲೋರಿನ್ ಸೇರಿಸಿದ ಪ್ಯಾರಾಫಿನ್ ಪಿವಿಸಿಯನ್ನು ಮೆತ್ತಗಾಗಿಸಲೂ ಬೆಂಕಿ ತಡೆಯಲೂ ಬಳಕೆಯಾಗುತ್ತಾ ಬಂದಿದೆ. ಆದರೆ ಆ ನಂಟಿಗೆ ಇನ್ನೊಂದು ಮುಖವಿದೆ: ಅವುಗಳಲ್ಲಿ ಗಿಡ್ಡ ಸರಪಳಿಯವು ಪರಿಸರದಲ್ಲಿ ಕೊಳೆಯದೆ ಜೀವಿಗಳ ಮೈಯಲ್ಲಿ ಶೇಖರವಾಗುತ್ತವೆಂಬ ಕಾರಣಕ್ಕೆ 2017ರಲ್ಲಿ, ಇಂತಹ ಮಾಲಿನ್ಯಕಾರಕಗಳನ್ನು ನಿರ್ಬಂಧಿಸುವ ಅಂತರರಾಷ್ಟ್ರೀಯ ಸ್ಟಾಕ್‌ಹೋಮ್ ಒಪ್ಪಂದದ ಪಟ್ಟಿಗೆ ಸೇರಿದವು.

ಇದುವರೆಗೆ ಮೇಣ ಬೇರೆ ಮನೆ ಮಾಡುವುದನ್ನು ದೋಷವೆಂಬಂತೆ ಹೇಳಿದೆ. ನನಗೆ ಬಹಳ ಇಷ್ಟವಾದ ಬಳಕೆಯಲ್ಲಿ ಅದೇ ಬೇಕಾದ ಗುಣ. ಪ್ಯಾರಾಫಿನ್ ಕರಗುವಾಗ ಕಿಲೋಗೆ ಸುಮಾರು 200 ಕಿಲೋಜೂಲ್ ಗುಪ್ತೋಷ್ಣವನ್ನು ನುಂಗುತ್ತದೆ, ಗಟ್ಟಿಯಾಗುವಾಗ ಅದನ್ನು ಮರಳಿ ಕೊಡುತ್ತದೆ. ಶಾಖವನ್ನು ಕೂಡಿಡಲು ಇದು ಒಳ್ಳೆಯ ಉಗ್ರಾಣ, ಆದರೆ ಕರಗಿದ ಮೇಣ ಹರಿದುಹೋಗುತ್ತದೆ. ಇದನ್ನು ಎಚ್‌ಡಿಯೊಂದಿಗೆ ಕರಗಿಸಿ ಬೆರೆಸಿ ತಣಿಸಿದರೆ, 130 ಡಿಗ್ರಿಯ ಹತ್ತಿರದವರೆಗೂ ಘನವಾಗಿಯೇ ಉಳಿಯುವ ಎಚ್‌ಡಿ ಜೇನುಗೂಡಿನಂತೆ ನಿಲ್ಲುತ್ತದೆ, ಮೇಣ ಅದರ ಕೋಣೆಗಳಲ್ಲಿ ಕರಗಿ ಗಟ್ಟಿಯಾಗುತ್ತಾ ಇರುತ್ತದೆ. ನೂರಕ್ಕೆ ಅರವತ್ತು ಮೇಣವಿರುವ ಒಂದು ಕಿಲೋ ಹಲಗೆ, 55 ಡಿಗ್ರಿಯ ಆಸುಪಾಸಿನಲ್ಲಿ 120 ಕಿಲೋಜೂಲ್ ಕುಡಿಯಬಲ್ಲದು. ಅಷ್ಟು ಶಾಖದಿಂದ ಒಂದು ಕಿಲೋ ನೀರನ್ನು ಸುಮಾರು 29 ಡಿಗ್ರಿ ಬಿಸಿಮಾಡಬಹುದು. ಇಲ್ಲಿ ಮೇಣ ಪಾಲಿಥೀನ್‌ನ ಸ್ಫಟಿಕದೊಳಗೆ ಸೇರಿಬಿಟ್ಟರೆ ನಷ್ಟವೇ, ಏಕೆಂದರೆ ಸೇರಿದಷ್ಟು ಮೇಣ ತನ್ನ ತಾಪದಲ್ಲಿ ಕರಗಲಾರದು. ಆದ್ದರಿಂದ ಇಂತಹ ಹಲಗೆಯನ್ನು ಡಿಎಸ್‌ಸಿಯಲ್ಲಿ ಅಳೆದಾಗ ಮೇಣದ ಗುಡ್ಡದ ವಿಸ್ತೀರ್ಣ ತೂಕದ ಲೆಕ್ಕಕ್ಕಿಂತ ಎಷ್ಟು ಕಡಿಮೆ ಬಂದಿದೆ ಎಂದು ಮೊದಲು ನೋಡುತ್ತೇವೆ.

ತೊಂದರೆಗಳು ಇಲ್ಲಿಯೂ ಎರಡಿವೆ. ಪ್ಯಾರಾಫಿನ್ ಕರಗುವಾಗ ಅದರ ಗಾತ್ರ ನೂರಕ್ಕೆ ಹತ್ತಕ್ಕೂ ಮಿಕ್ಕಿ ಹಿಗ್ಗುತ್ತದೆ. ಕೋಣೆಯ ಗೋಡೆಗಳು ಅದನ್ನು ತಡೆಯಬೇಕು, ತಡೆಯದಿದ್ದರೆ ಹೊರಮೈಗೆ ಬೆವರಿನಂತೆ ಜಿನುಗುತ್ತದೆ. ಪೆರಾಕ್ಸೈಡ್ ಹಾಕಿ ಪಾಲಿಥೀನ್ ಸರಪಳಿಗಳನ್ನು ಒಂದಕ್ಕೊಂದು ಹೆಣೆದರೆ ಗೋಡೆ ಬಲವಾಗುತ್ತದೆ, ಕೆಲವಷ್ಟು ಮೇಣವೂ ಆ ಹೆಣಿಗೆಗೆ ಅಂಟಿಕೊಳ್ಳುತ್ತದೆ. ಆದರೆ ಪೆರಾಕ್ಸೈಡ್‌ಗೆ ಯಾರು ಉದ್ದ, ಯಾರು ಗಿಡ್ಡ ಎಂಬ ಭೇದ ತಿಳಿಯದು. ಮೇಣದ ಮೇಲೆ ಖರ್ಚಾದ ಪಾಲಿನಿಂದ ಜಾಲಕ್ಕೆ ಸಿಗುವ ಲಾಭ ಅತ್ಯಲ್ಪ, ಎರಡು ಗಿಡ್ಡ ತುಂಡುಗಳನ್ನು ಜೋಡಿಸಿದರೆ ಬರುವುದು ಇನ್ನೊಂದು ಗಿಡ್ಡ ತುಂಡೇ. ಎರಡನೆಯ ತೊಂದರೆ, ಶಾಖ ಒಳಗೆ ಹೋಗುವುದೇ ನಿಧಾನ. ಪ್ಯಾರಾಫಿನ್‌ನ ಉಷ್ಣವಾಹಕತೆ ಮೀಟರಿಗೆ ಕೆಲ್ವಿನ್‌ಗೆ 0.2 ವಾಟ್‌ನ ಹತ್ತಿರ, ಎಚ್‌ಡಿಯದ್ದು ಅದರ ಎರಡು ಪಟ್ಟಿನಷ್ಟಿದ್ದರೂ ದೊಡ್ಡದೇನಲ್ಲ. ಹೊರಗಿನ ಮೇಣ ಕರಗಿ ಮುಗಿದಿದ್ದರೂ ನಡುವಿನದಕ್ಕೆ ಸುದ್ದಿಯೇ ಮುಟ್ಟಿರುವುದಿಲ್ಲ. ಇದಕ್ಕೆ ಹಿಗ್ಗಿಸಿದ ಗ್ರಾಫೈಟ್ ಬೆರೆಸುತ್ತಾರೆ. ಅದರ ತೆಳು ಪದರಗಳು ಶಾಖಕ್ಕೆ ದಾರಿಯೂ ಆಗುತ್ತವೆ, ದ್ರವ ಮೇಣವನ್ನು ಹೀರಿಕೊಂಡು ಜಿನುಗುವುದನ್ನೂ ತಗ್ಗಿಸುತ್ತವೆ. ಅದಕ್ಕೆ ತಕ್ಕಂತೆ ಹಲಗೆ ಇನ್ನಷ್ಟು ಪೆಡಸಾಗುತ್ತದೆ.

ಈ ವಿಷಯ ಮಾತನಾಡಿದಲ್ಲೆಲ್ಲ ಯಾರಾದರೊಬ್ಬರು ಕೇಳುವ ಪ್ರಶ್ನೆಯೊಂದಿದೆ: ಎರಡೂ ಒಂದೇ ಕುಲವಾದರೆ ಪಾಲಿಥೀನ್‌ನಿಂದಲೇ ಮೇಣದಬತ್ತಿ ಮಾಡಬಾರದೇಕೆ? ಪಾಲಿಥೀನ್ ಉರಿಯುವುದೇನೋ ಮೇಣದಂತೆಯೇ, ವಾಸನೆಯೂ ಅದೇ. ಆದರೆ ಬತ್ತಿಯ ದಾರ ಕರಗಿದ ಇಂಧನವನ್ನು ತನ್ನ ಸಂದಿಗಳ ಮೂಲಕ ಮೇಲಕ್ಕೆ ಹೀರಬೇಕು. ಕರಗಿದ ಪ್ಯಾರಾಫಿನ್ ಹೆಚ್ಚುಕಡಿಮೆ ನೀರಿನಷ್ಟೇ ತೆಳು. ಕರಗಿದ ಪಾಲಿಥೀನ್ ಅದಕ್ಕಿಂತ ಲಕ್ಷಾಂತರ ಪಟ್ಟು ಮಂದ. ದಾರ ಹಸಿದು ಆರಿಹೋಗುತ್ತದೆ. ಆದರೂ ಮೇಣದಬತ್ತಿಯವರು ಈ ನಂಟನ್ನು ಬಳಸಿಕೊಳ್ಳದೆ ಬಿಟ್ಟಿಲ್ಲ. ಕಡಿಮೆ ಅಣುತೂಕದ ಪಾಲಿಥೀನನ್ನು ಚಿಟಿಕೆಯಷ್ಟು ಮೇಣಕ್ಕೆ ಸೇರಿಸುತ್ತಾರೆ. ಬತ್ತಿ ಬಿಸಿಲಿಗೆ ಬಾಗುವುದು ಕಡಿಮೆಯಾಗುತ್ತದೆ, ಮೈ ಹೊಳಪೇರುತ್ತದೆ. ಚಿಟಿಕೆ ಹಿಡಿಯಾದರೆ ಮೇಣ ಮಂದವಾಗಿ ಉರಿ ಕುಗ್ಗುತ್ತದೆ, ದಾರದ ಬುಡದಲ್ಲಿ ಕಿಟ್ಟ ಕಟ್ಟುತ್ತದೆ.